ಗೌರವಧನ ಬೇರೆ, ಸಂಭಾವನೆ ಬೇರೆ

ಶಿವಮೊಗ್ಗದ ಕಡೆ ಗಣಪತಿ ಹಬ್ಬ ಹತ್ತಿರ ಬಂತು ಅಂದರೆ ಹಾಡುವವರಿಗೂ ನುಡಿಸುವವರಿಗೂ ಒಂದೇ ಥರದ ಮೆಸೇಜು ಬರುತ್ತದೆ: ‘ಒಳ್ಳೆ ವೇದಿಕೆ, ಜನ ಜಾಸ್ತಿ, ಸೂಕ್ತ ಗೌರವಧನ ಇರುತ್ತದೆ.’ ಎಷ್ಟು ಅಂತ ಮಾತ್ರ ಬರೆದಿರುವುದಿಲ್ಲ. ದಸರಾಕ್ಕೂ ಅದೇ, ರಾಜ್ಯೋತ್ಸವಕ್ಕೂ ಅದೇ. ಸಂಗೀತವನ್ನೇ ನಂಬಿ ಬದುಕುವವರು ಎರಡು ಗಂಟೆ ಕಾರ್ಯಕ್ರಮ ಕೊಟ್ಟರೆ ಅವರಿಗೆ ಸಲ್ಲಬೇಕಾದದ್ದು ಸಂಭಾವನೆ. ಅದನ್ನು ಗೌರವಧನ ಅಂತ ಕರೆಯುವುದು ತಪ್ಪು. ಎರಡೂ ಒಂದೇ ಅಲ್ವಾ ಎಂದು ಕೇಳುವವರು ಬಹಳ ಜನ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಒಂದೇ ಅನ್ನಿಸುವುದಕ್ಕೆ ಕಾರಣ ಇದೆ. ಗುರು ಅಂದರೆ ಭಾರವಾದದ್ದು. ಶಾಲೆಯಲ್ಲಿ ಪದ್ಯಕ್ಕೆ ಗುರು-ಲಘು ಹಾಕಿದ್ದು ನೆನಪಿದ್ದರೆ ಸಾಕು. ಲಘುವಿನಿಂದ ಲಾಘವ ಬಂದ ಹಾಗೆ ಗುರುವಿನಿಂದ ಗೌರವ ಬಂತು. ಮೊದಲು ತೂಕ, ಆಮೇಲೆ ಮರ್ಯಾದೆ. ಕನ್ನಡದಲ್ಲೂ ‘ತೂಕದ ಮನುಷ್ಯ’ ಅನ್ನುತ್ತೇವಲ್ಲ. ಸಂಭಾವನೆಯ ಬೇರಲ್ಲೂ ಮರ್ಯಾದೆಯೇ ಇದೆ. ಸಂಸ್ಕೃತದಲ್ಲಿ ಅದಕ್ಕೆ ಆದರಿಸುವುದು, ಮನ್ನಿಸುವುದು ಎಂಬ ಅರ್ಥ. ಊಹಿಸುವುದು ಎಂಬ ಇನ್ನೊಂದು ಅರ್ಥವೂ ಉಂಟು, ನಮ್ಮ ‘ಸಂಭಾವ್ಯ’ ಬಂದದ್ದು ಆ ಕಡೆಯಿಂದ. ಭಗವದ್ಗೀತೆಯ 2ನೇ ಅಧ್ಯಾಯದಲ್ಲಿ, ಸಂಭಾವಿತನಿಗೆ ಅಪಕೀರ್ತಿ ಸಾವಿಗಿಂತ ಕೆಟ್ಟದ್ದು ಅಂತ ಕೃಷ್ಣ ಹೇಳುವಾಗ ಸಂಭಾವಿತ ಅಂದರೆ ಮರ್ಯಾದಸ್ಥ. ಹಾಗಾಗಿ ಬೇರು ಹಿಡಿದು ಹೊರಟರೆ ಎರಡು ಪದಗಳೂ ಒಂದೇ ಮನೆಗೆ ಹೋಗಿ ಮುಟ್ಟುತ್ತವೆ.

ಆದರೆ ಬಳಕೆ ಅವನ್ನು ಯಾವಾಗಲೋ ಬೇರೆ ಮಾಡಿದೆ. ಅನುಮಾನ ಇದ್ದರೆ ಜೊತೆಗೆ ಬರುವ ಕ್ರಿಯಾಪದ ನೋಡಿ. ‘ನಟ ಸಂಭಾವನೆ ಏರಿಸಿಕೊಂಡರು’ ಎಂದು ಪತ್ರಿಕೆಗಳು ಬರೆಯುತ್ತವೆ. ‘ಗೌರವಧನ ಏರಿಸಿಕೊಂಡರು’ ಅಂತ ಯಾರೂ ಬರೆದಿಲ್ಲ, ಬರೆಯುವುದೂ ಇಲ್ಲ. ಆಶಾ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು ‘ಗೌರವಧನ ಹೆಚ್ಚಿಸಿ’ ಎಂದು ಬೀದಿಗೆ ಇಳಿಯಬೇಕಾಗುತ್ತದೆ. ಸಂಭಾವನೆಯನ್ನು ಪಡೆಯುವವರೇ ಹೇಳಬಹುದು, ಚೌಕಾಸಿ ಮಾಡಬಹುದು, ಏರಿಸಿಕೊಳ್ಳಬಹುದು. ಗೌರವಧನ ಕೊಡುವವರ ಕೈಯಲ್ಲಿರುತ್ತದೆ. ‘ಸಂಭಾವನೆ ಎಷ್ಟು?’ ಅಂತ ಕೇಳಿದರೆ ವ್ಯವಹಾರದ ಮಾತು. ‘ಗೌರವಧನ ಎಷ್ಟು ಕೊಡ್ತೀರಿ?’ ಅಂದರೆ ‘ಇವರಿಗೆ ಕಲೆಗಿಂತ ದುಡ್ಡೇ ಜಾಸ್ತಿ ಆಯ್ತು’ ಅನ್ನುತ್ತಾರೆ. ಪದ ಬದಲಾಯಿಸಿದ ಕೂಡಲೇ ಕಲಾವಿದರ ಬಾಯಿ ಕಟ್ಟಿತು. ನನ್ನ ತಕರಾರು ಇಷ್ಟೇ.

ಗೌರವಧನ ಸರಿಯಾಗಿ ಹೊಂದುವ ಜಾಗಗಳೂ ಇವೆ. ಶಾಲೆಯ ಭಾವಗೀತೆ ಸ್ಪರ್ಧೆಗೆ ತೀರ್ಪುಗಾರರಾಗಿ ಬಂದ ನಿವೃತ್ತ ಮೇಷ್ಟ್ರಿಗೆ ಕೊಡುವುದು ಗೌರವಧನವೇ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡಿಕೊಂಡು ಬರುವ ಅಂಟಿಗೆ-ಪಂಟಿಗೆಯವರಿಗೆ ನಾವು ಕೊಡುವ ಅಕ್ಕಿ, ಕಾಯಿ, ಕಾಸು ಗೌರವಧನವೂ ಅಲ್ಲ, ಸಂಭಾವನೆಯೂ ಅಲ್ಲ. ಅದು ಊರಿನ ರೂಢಿ, ಅಲ್ಲಿ ದರದ ಮಾತೇ ಬರುವುದಿಲ್ಲ.

ಈಗ ಸಾಗರದಿಂದ ಶಿವಮೊಗ್ಗಕ್ಕೆ ಬರುವ ತಬಲಾದವರನ್ನು ನೋಡಿ. ಒಂದು ಕಡೆಗೇ ಸುಮಾರು 70 ಕಿ.ಮೀ. ಗಣಪತಿ ಹಬ್ಬದ ಹೊತ್ತಿಗೆ ನಮ್ಮಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಥಂಡಿಗೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ವೇದಿಕೆಯ ಹಿಂದೆ ಕೂತು ಸುತ್ತಿಗೆಯಲ್ಲಿ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟಿ ಶ್ರುತಿ ಕೂರಿಸಬೇಕು. ಅಷ್ಟರಲ್ಲಿ ಉದ್ಘಾಟನೆ, ಭಾಷಣ, ಸನ್ಮಾನ ಮುಗಿಯುವುದೇ ಇಲ್ಲ. ಕೂರಿಸಿದ ಶ್ರುತಿ ಮತ್ತೆ ಇಳಿಯುತ್ತದೆ. ಆರಕ್ಕೆ ಅಂತ ಕರೆದವರು ಎಂಟೂವರೆಗೆ ಮೈಕ್ ಕೊಡುತ್ತಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಲೇಬೇಕು. ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೊಮೆಂಟೊ, ಜೊತೆಗೊಂದು ಕವರು. ಕವರು ಮುಖ್ಯ ಗಾಯಕರ ಕೈಗೆ ಹೋಗುತ್ತದೆ. ಪಕ್ಕವಾದ್ಯದವರ ಪಾಲು ಎಷ್ಟು ಅಂತ ವಾಪಸ್ ಹೋಗುವ ಕಾರಿನಲ್ಲಿ ಗೊತ್ತಾಗುತ್ತದೆ. ಊಟದ ಹೊತ್ತು ಮೀರಿ ಹೋಟೆಲೂ ಬಾಗಿಲು ಹಾಕಿರುತ್ತದೆ. ಕಾದ ಹೊತ್ತು, ಹಿಂದಿನ ವಾರದ ಪ್ರಾಕ್ಟೀಸು, ಪೆಟ್ರೋಲು, ಊಟ ಎಲ್ಲವೂ ಸಂಭಾವನೆಯ ಮಾತುಕತೆಯಲ್ಲಿ ಬರಬೇಕಾದ ವಿಷಯಗಳು. ಗೌರವಧನ ಅಂದಮೇಲೆ ಯಾವುದನ್ನೂ ಎತ್ತುವ ಹಾಗಿಲ್ಲ.

ಮುಂಗಡದ ಪದಗಳೂ ಹೀಗೇ ಮರೆಯಾಗುತ್ತಿವೆ. ಮಲೆನಾಡಿನಲ್ಲಿ ವೀಳ್ಯ ಕೊಟ್ಟು ಯಕ್ಷಗಾನದ ಆಟ ಗೊತ್ತು ಮಾಡುವ ಪದ್ಧತಿ ಇತ್ತು. ವೀಳ್ಯ ಕೊಟ್ಟರೆ ಮಾತು ಕೊಟ್ಟ ಹಾಗೆ, ಆಮೇಲೆ ತಪ್ಪುವಂತಿಲ್ಲ. ಸಂಚಕಾರ ಅಂದರೂ ಮೂಲದಲ್ಲಿ ಮುಂಗಡ ಹಣವೇ. ಈಗ ‘ಜೀವಕ್ಕೆ ಸಂಚಕಾರ’ ಅನ್ನುವ ಕೆಟ್ಟ ಅರ್ಥ ಮಾತ್ರ ಬಳಕೆಯಲ್ಲಿ ಉಳಿದಿದೆ.

ಗೌರವಧನ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ದುಡಿಮೆಯ ಹಣ ಆಗದೇ ಹೋಗುವುದಿಲ್ಲ. ಅಂಗನವಾಡಿಯವರಿಗೆ ಕೊಡುವ ಗೌರವಧನವೂ ವೇತನವೇ, ಅವರಿಗೆ ಗ್ರಾಚ್ಯುಟಿ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅದು ಬೇರೆ ಕಾಯ್ದೆಯ ಅಡಿಯ ತೀರ್ಪು, ಸಂಗೀತದವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಹೆಸರಿನ ಹಿಂದೆ ಅಡಗಲು ಆಗುವುದಿಲ್ಲ ಅನ್ನುವುದಂತೂ ಸ್ಪಷ್ಟ. ಜಿಎಸ್‌ಟಿಯಲ್ಲಿ ಕೂಡ ಸಂಗೀತ ಕಛೇರಿಯನ್ನು ಸೇವೆ ಅಂತಲೇ ಲೆಕ್ಕ ಹಿಡಿದಿದ್ದಾರೆ. ಶಾಸ್ತ್ರೀಯ ಅಥವಾ ಜಾನಪದ ಕಲಾವಿದರ ಒಂದು ಕಾರ್ಯಕ್ರಮಕ್ಕೆ 1.5 ಲಕ್ಷ ರೂ.ವರೆಗೆ ವಿನಾಯಿತಿ ಇದೆ. ಸೇವೆ ಅಲ್ಲದಿದ್ದರೆ ವಿನಾಯಿತಿಯ ಅಗತ್ಯವೇ ಇರುತ್ತಿರಲಿಲ್ಲ.

ಇನ್ನು ಸಂಘಟಕರು ಕಾರ್ಯಕ್ರಮವನ್ನು ಪೂರ್ತಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ವಿಷಯ. ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ವೇದಿಕೆಯ ಮೇಲಿನ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕೊಟ್ಟಿದೆ. ಕವರು ಕೊಟ್ಟು ವೋಚರಿಗೆ ಸಹಿ ಹಾಕಿಸಿಕೊಂಡರೆ ರೆಕಾರ್ಡ್ ಮಾಡಿ ಹಾಕುವುದಕ್ಕೆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಅದನ್ನು ಕಲಾವಿದರ ಹತ್ತಿರ ಮೊದಲೇ ಕೇಳಬೇಕು, ಅದರ ದುಡ್ಡನ್ನೂ ಬೇರೆಯಾಗಿ ಮಾತಾಡಬೇಕು.