ಡಿಸಿ ಆರ್ಕ್ ಆರಿಸಲಾಗದ ಎಂಸಿಬಿ

ಸೋಲಾರ್ ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಬರುವ ವೈರಿಗೆ ಮನೆಯ ಲೈಟು-ಫ್ಯಾನಿನ ಎಂಸಿಬಿಯನ್ನೇ (ಕರೆಂಟ್ ಮಿತಿ ಮೀರಿದರೆ ತಾನಾಗಿ ಕಡಿಯುವ ಬ್ರೇಕರ್) ಹಾಕುವವರಿದ್ದಾರೆ. ಮನೆಯದು ದಿಕ್ಕು ಬದಲಿಸುತ್ತಲೇ ಇರುವ ಎಸಿ, ಪ್ಯಾನೆಲ್‌ನದು ಒಂದೇ ದಿಕ್ಕಿಗೆ ಹರಿಯುವ ಡಿಸಿ. 16 ಆಂಪಿಯರ್ ಅಂದರೆ 16 ಆಂಪಿಯರ್, ಎಸಿಯಾದರೇನು ಡಿಸಿಯಾದರೇನು ಎಂಬುದು ಅವರ ವಾದ. ಬೆಂಕಿಗೆ ಆಹ್ವಾನ ಕೊಡುವ ವಾದವಿದು. ಕರೆಂಟನ್ನು ಹೊರುವುದು ಯಾವ ಬ್ರೇಕರಿಗೂ ಸುಲಭ. ಹರಿಯುತ್ತಿರುವಾಗಲೇ ಕಡಿಯುವುದು ಕಷ್ಟ.

ಬ್ರೇಕರಿನೊಳಗೆ ಕಾಂಟ್ಯಾಕ್ಟುಗಳು ಬೇರ್ಪಟ್ಟ ಕೂಡಲೇ ಕರೆಂಟ್ ನಿಲ್ಲುವುದಿಲ್ಲ. ನಡುವಿನ ಗಾಳಿ ಅಯಾನೀಕರಣಗೊಂಡು (ಕರೆಂಟ್ ಹರಿಸುವಂತಾಗಿ) ಸಾವಿರಾರು ಡಿಗ್ರಿ ಬಿಸಿಯ ಆರ್ಕ್, ಅಂದರೆ ನಿಲ್ಲದ ಕಿಡಿ, ಹೊತ್ತಿಕೊಳ್ಳುತ್ತದೆ, ಕರೆಂಟ್ ಅದರ ಮೂಲಕವೇ ಹರಿಯುತ್ತದೆ. 50 ಹರ್ಟ್ಸ್‌ನ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಅಲ್ಲಿ ಆರ್ಕ್ ತಾನಾಗಿಯೇ ಸೊರಗುತ್ತದೆ. ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ. 19ನೇ ಶತಮಾನದ ಆರಂಭದಲ್ಲಿ ಹಂಫ್ರಿ ಡೇವಿ ಬ್ಯಾಟರಿಗಳ ದೊಡ್ಡ ಸಾಲಿಗೆ ಎರಡು ಇದ್ದಿಲ ಕಡ್ಡಿ ಜೋಡಿಸಿ, ಅವುಗಳ ನಡುವೆ ಕಣ್ಣು ಕೋರೈಸುವ ಆರ್ಕ್ ಉರಿಸಿ ತೋರಿಸಿದ. ಮುಂದೆ ಬೀದಿಗಳನ್ನು ಬೆಳಗಿದ ಆರ್ಕ್ ದೀಪಗಳಿಗೆ ಅದೇ ಮೂಲ. ತಪ್ಪು ಬ್ರೇಕರ್ ಹಾಕಿದರೆ ಪ್ಲಾಸ್ಟಿಕ್ ಕವಚದೊಳಗೆ ಅಂಥದ್ದೇ ದೀಪ ಉರಿಯುತ್ತದೆ.

ಡಿಸಿ ಬ್ರೇಕರ್ ಆರ್ಕನ್ನು ಆಯಸ್ಕಾಂತ ಬಲದಿಂದ ಲೋಹದ ತೆಳು ಹಾಳೆಗಳ ಸಾಲಿಗೆ ನೂಕುತ್ತದೆ. ಅಲ್ಲಿ ಆರ್ಕ್ ತುಂಡು ತುಂಡಾಗಿ, ಪ್ರತಿ ತುಂಡೂ ತನ್ನ ಪಾಲಿನ ವೋಲ್ಟೇಜ್ ಕೇಳುತ್ತದೆ. ಒಟ್ಟು ಬೇಡಿಕೆ ಪ್ಯಾನೆಲ್‌ಗಳ ವೋಲ್ಟೇಜನ್ನು ಮೀರಿದಾಗ ಆರ್ಕ್ ಸಾಯುತ್ತದೆ. ಒಳಗೆ ಶಾಶ್ವತ ಆಯಸ್ಕಾಂತವಿರುವ ಬ್ರೇಕರುಗಳ ಮೇಲೆ ಪ್ಲಸ್, ಮೈನಸ್ ಗುರುತು ಇರುತ್ತದೆ. ಇವನ್ನು ಅದಲುಬದಲಾಗಿ ಜೋಡಿಸಿದರೆ ಆರ್ಕ್ ಹಾಳೆಗಳ ಕಡೆಗೆ ಹೋಗದೆ ಹಿಂದಕ್ಕೆ ತಳ್ಳಲ್ಪಟ್ಟು ಬ್ರೇಕರನ್ನೇ ಸುಡುತ್ತದೆ. ಬ್ಯಾಟರಿಯಲ್ಲಂತೂ ಚಾರ್ಜ್ ಆಗುವಾಗ ಒಂದು ದಿಕ್ಕು, ಖಾಲಿಯಾಗುವಾಗ ಇನ್ನೊಂದು. ಅಲ್ಲಿಗೆ ಪೋಲಾರಿಟಿಯ (ಪ್ಲಸ್-ಮೈನಸ್ಸಿನ) ಹಂಗಿಲ್ಲದ ಡಿಸಿ ಬ್ರೇಕರೇ ಬೇಕು. ಸಾವಿರಾರು ಆಂಪಿಯರ್ ಶಾರ್ಟ್ ಸರ್ಕ್ಯೂಟ್ ಕರೆಂಟನ್ನು ಕಡಿಯುವ ಸಾಮರ್ಥ್ಯವೂ ಅದಕ್ಕಿರಬೇಕು.

ಆಯ್ಕೆಯ ಲೆಕ್ಕ ಹೀಗೆ. ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದಿದ್ದಾಗಿನ ವೋಲ್ಟೇಜ್) 45 ಇರುವ 10 ಪ್ಯಾನೆಲ್ ಸರಣಿಯಲ್ಲಿದ್ದರೆ 450 ವೋಲ್ಟ್. ಇದು 25 ಡಿಗ್ರಿಯ ಲೆಕ್ಕ. ಪ್ಯಾನೆಲ್‌ನ ಸಿಲಿಕಾನ್ ತಣ್ಣಗಾದಂತೆ ವೋಲ್ಟೇಜ್ ಡಿಗ್ರಿಗೆ ಸುಮಾರು ಶೇ. 0.3ರಷ್ಟು ಏರುವುದರಿಂದ 5 ಡಿಗ್ರಿಯ ಬೆಳಿಗ್ಗೆ 477 ವೋಲ್ಟ್ ಆಗುತ್ತದೆ. 600 ವೋಲ್ಟ್ ಡಿಸಿ ರೇಟಿಂಗ್ ಇರುವುದನ್ನೇ ಕೊಳ್ಳಿ. ಆ ರೇಟಿಂಗ್ ಎಷ್ಟು ಪೋಲ್‌ಗಳನ್ನು (ಬ್ರೇಕರಿನೊಳಗಿನ ಬೇರೆ ಬೇರೆ ಸ್ವಿಚ್‌ಗಳನ್ನು) ಸರಣಿಯಲ್ಲಿ ಜೋಡಿಸಿದಾಗ ಸಿಗುತ್ತದೆ ಎಂಬುದನ್ನೂ ಲೇಬಲ್ಲಿನಲ್ಲಿ ನೋಡಿ. ಪ್ಯಾನೆಲ್‌ನ ಶಾರ್ಟ್ ಸರ್ಕ್ಯೂಟ್ ಕರೆಂಟ್ 11 ಆಂಪಿಯರ್ ಇದ್ದರೆ ಅದರ 1.25 ಪಟ್ಟು 13.75, ಅಂದರೆ 16 ಆಂಪಿಯರ್ ಬ್ರೇಕರ್. ಬಿಸಿಲಿಗೆ ಕಾದ ಡಬ್ಬಿಯಲ್ಲಿ ಅದು ಬೇಗ ಟ್ರಿಪ್ ಆಗುತ್ತದೆ, ಆದ್ದರಿಂದ ಡಬ್ಬಿಯನ್ನು ನೆರಳಿಗೆ ಸರಿಸಿ.

ಇನ್ನೊಂದು ಭ್ರಮೆ: ಶಾರ್ಟ್ ಆದರೆ ಬ್ರೇಕರ್ ಬೀಳುತ್ತದೆ. ಒಂದೇ ಸ್ಟ್ರಿಂಗ್‌ನಲ್ಲಿ (ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳ ಸಾಲಿನಲ್ಲಿ) ಬೀಳುವುದಿಲ್ಲ! ಪ್ಯಾನೆಲ್ ಕೊಡುವುದೇ ಹೆಚ್ಚೆಂದರೆ ಆ 11 ಆಂಪಿಯರಿನ ಆಸುಪಾಸು. ಅಲ್ಲಿ ಬ್ರೇಕರ್ ಬರೀ ಸ್ವಿಚ್. ಮೂರು ಸ್ಟ್ರಿಂಗ್ ಸಮಾಂತರವಾಗಿದ್ದರೆ ಮಾತ್ರ ಕೆಟ್ಟ ಸ್ಟ್ರಿಂಗ್‌ನೊಳಕ್ಕೆ ಉಳಿದೆರಡರಿಂದ 22 ಆಂಪಿಯರ್ ನುಗ್ಗುತ್ತದೆ. ಪ್ಯಾನೆಲ್ ಹಿಂದಿನ ಲೇಬಲ್ಲಿನಲ್ಲಿ ಗರಿಷ್ಠ ಫ್ಯೂಸ್ 20 ಆಂಪಿಯರ್ ಎಂದಿದ್ದರೆ ಪ್ರತಿ ಸ್ಟ್ರಿಂಗಿಗೂ ಸೋಲಾರ್ ಫ್ಯೂಸ್ ಕಡ್ಡಾಯ.

ಸೋಲಾರ್ ಕೇಬಲ್ಲಿನ ಸಣ್ಣ ಎಳೆಗಳನ್ನು ಹಾಗೇ ಸ್ಕ್ರೂ ಕೆಳಗೆ ತುರುಕಬೇಡಿ. ಫೆರುಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಪುಟ್ಟ ಲೋಹದ ಕೊಳವೆ) ಹಾಕಿ, ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಸಡಿಲವಾದರೆ ಟರ್ಮಿನಲ್ ಕಾದು ಕರಗುತ್ತದೆ. ರಿಪೇರಿಗೆ ಮುನ್ನ ಇನ್ವರ್ಟರನ್ನು ಆಫ್ ಮಾಡಿ, ಆಮೇಲೆ ಡಿಸಿ ಬ್ರೇಕರ್ ಇಳಿಸಿ. ವೈರನ್ನು ಸುತ್ತುವರಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಡಿಸಿ ಕರೆಂಟ್ ಸೊನ್ನೆ ಎಂದು ಕಂಡ ಮೇಲಷ್ಟೇ ಕನೆಕ್ಟರ್ ಬಿಚ್ಚಿ. ಆಗಲೂ ಬೆಳಕಿರುವ ತನಕ ಪ್ಯಾನೆಲ್ ಕಡೆಯ ತುದಿಯಲ್ಲಿ ಪೂರ್ತಿ ವೋಲ್ಟೇಜ್ ಇದ್ದೇ ಇರುತ್ತದೆ.