ಐದು ಮಿಲಿಸೆಕೆಂಡಿನ ಹೊಡೆತ

2019ರ ಜನವರಿಯಲ್ಲಿ ಪುಣೆಯ ಬಾಲೆವಾಡಿ ಕ್ರೀಡಾಂಗಣದಲ್ಲಿ ಮಹಾರಾಷ್ಟ್ರ ಓಪನ್ ಟೆನಿಸ್ ಫೈನಲ್ ನಡೆಯಿತು. ಒಂದು ಕಡೆ 6 ಅಡಿ 8 ಇಂಚಿನ ಕೆವಿನ್ ಆ್ಯಂಡರ್ಸನ್. ಇನ್ನೊಂದು ಕಡೆ ಅವರಿಗಿಂತಲೂ ಮೂರು ಇಂಚು ಎತ್ತರದ, 39 ವರ್ಷದ ಇವೊ ಕಾರ್ಲೊವಿಚ್. ಮೂರೂ ಸೆಟ್‌ಗಳು ಟೈಬ್ರೇಕ್‌ಗೆ ಹೋದವು. ಕೊನೆಗೆ ಆ್ಯಂಡರ್ಸನ್ ಗೆದ್ದರು.

ಕಾರ್ಲೊವಿಚ್ ಗಂಟೆಗೆ 251 ಕಿ.ಮೀ. ವೇಗದಲ್ಲಿ ಸರ್ವ್ ಮಾಡಿದವರು. 2011ರಲ್ಲಿ ಅದು ದಾಖಲೆಯಾಗಿತ್ತು. ಆದರೂ ಚೆಂಡನ್ನು ಎಲ್ಲರಿಗಿಂತ ಚೆನ್ನಾಗಿ ಹೊಡೆದವರು ಯಾರು ಅಂತ ಕೇಳಿದರೆ ಯಾರೂ ಮೊದಲು ಅವರ ಹೆಸರು ಹೇಳುವುದಿಲ್ಲ. ಇದು ಅನ್ಯಾಯವಲ್ಲ. ಸರ್ವ್ ಮಾಡುವಾಗ ಚೆಂಡು ನಮ್ಮದೇ ಕೈಯಿಂದ ಮೇಲೆ ಹೋಗುತ್ತದೆ. ಸಮಯ ನಮ್ಮದು, ಜಾಗ ನಮ್ಮದು. ಉಳಿದ ಎಲ್ಲ ಹೊಡೆತಗಳಲ್ಲೂ ಚೆಂಡು ಎದುರಾಳಿಯದು. ಅವರು ಕಳಿಸಿದ ವೇಗ, ಅವರು ಕೊಟ್ಟ ತಿರುಗು, ಅವರು ಕಿತ್ತುಕೊಂಡ ಸಮಯ. ಅದನ್ನು ಸ್ವಚ್ಛವಾಗಿ ವಾಪಸ್ ಕಳಿಸುವುದೇ ಬೇರೆ ವಿದ್ಯೆ.

ಪುಣೆಯಲ್ಲಿ ಭಾನುವಾರ ಬೆಳಿಗ್ಗೆ ಟೆನಿಸ್ ಆಡಲು ಸೇರುವ ನಮ್ಮ ಕನ್ನಡದವರ ಗುಂಪಿನಲ್ಲಿ ಈ ಚರ್ಚೆ ಆಗಾಗ ಏಳುತ್ತದೆ. ಧಾರವಾಡದ ಕಾಕಾ ಒಬ್ಬರು ಒಂದೇ ಮಾತು ಹೇಳುತ್ತಾರೆ: "ಸ್ಪೀಡ್ ಯಾಕ ನೋಡ್ತೀರಿ? ಸಪ್ಪಳಾ ಕೇಳ್ರಿ, ಗೊತ್ತಾಗ್ತದ." ಸುಮ್ನೆ ಹೇಳಿದ ಮಾತಲ್ಲ ಇದು. ವಿಜ್ಞಾನ ಕಾಕಾನ ಪಕ್ಷದಲ್ಲಿದೆ.

ಚೆಂಡು ತಂತಿಗೆ ಬಡಿದಾಗ ರ‍್ಯಾಕೆಟ್‌ನ ಚೌಕಟ್ಟು ಬಿಲ್ಲಿನಂತೆ ಸ್ವಲ್ಪ ಬಾಗಿ, ಸೆಕೆಂಡಿಗೆ ನೂರಕ್ಕೂ ಜಾಸ್ತಿ ಸಲ ನಡುಗುತ್ತದೆ. ಆದರೆ ತಂತಿಗಳ ನಡುಭಾಗದಲ್ಲಿ ಒಂದು ಜಾಗವಿದೆ. ಅಲ್ಲಿ ಬಡಿದರೆ ಆ ನಡುಕ ಹುಟ್ಟುವುದೇ ಇಲ್ಲ. ಆಟಗಾರರು ಅದನ್ನು ಸ್ವೀಟ್ ಸ್ಪಾಟ್ ಅನ್ನುತ್ತಾರೆ. ಅಲ್ಲಿ ಬಿದ್ದ ಹೊಡೆತಕ್ಕೆ ತುಂಬಿದ, ಗಟ್ಟಿಯಾದ ಸದ್ದು. ತಪ್ಪಿದರೆ ಸದ್ದು ಒಡೆಯುತ್ತದೆ, ಕೈ ಜುಮ್ ಅನ್ನುತ್ತದೆ. ಚೆಂಡು ನಡುವಿನಿಂದ ಪಕ್ಕಕ್ಕೆ ಸರಿದು ಬಡಿದರೆ ಇನ್ನೊಂದು ತೊಂದರೆ: ರ‍್ಯಾಕೆಟ್ ಹಿಡಿಯ ಸುತ್ತ ತಿರುಚಿಕೊಳ್ಳುತ್ತದೆ. ಚೆಂಡಿಗೆ ಹೋಗಬೇಕಾದ ಬಲದಲ್ಲಿ ಒಂದು ಪಾಲು ಅಲ್ಲೇ ವ್ಯರ್ಥ, ದಿಕ್ಕೂ ಕೆಡುತ್ತದೆ.

ಇದೆಲ್ಲ ಆಗುವುದು ಎಷ್ಟು ಹೊತ್ತಿನಲ್ಲಿ? ಚೆಂಡು ತಂತಿಯ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡು. ಅಂದರೆ ಒಂದು ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗ. ಅಂಗೈಯಿಂದ ಮಿದುಳಿಗೆ ಸುದ್ದಿ ಮುಟ್ಟಲು ಇದಕ್ಕಿಂತ ಹೆಚ್ಚು ಸಮಯ ಬೇಕು. ಆಟಗಾರ್ತಿಯ ಕೈಗೆ 'ಚೆನ್ನಾಗಿ ಬಿತ್ತು' ಅನ್ನಿಸುವಷ್ಟರಲ್ಲಿ ಚೆಂಡು ಆಗಲೇ ಬಿಟ್ಟುಹೋಗಿರುತ್ತದೆ. ಹೊಡೆಯುವ ಗಳಿಗೆಯಲ್ಲಿ ತಿದ್ದಲು ಏನೂ ಸಾಧ್ಯವಿಲ್ಲ. ಎಲ್ಲ ಮೊದಲೇ ಸರಿಯಾಗಿರಬೇಕು.

ಎಷ್ಟು ಸರಿಯಾಗಿ? ಒಳ್ಳೆಯ ಫೋರ್‌ಹ್ಯಾಂಡ್‌ನಲ್ಲಿ ರ‍್ಯಾಕೆಟ್‌ನ ತಲೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬೀಸುತ್ತದೆ ಎಂದುಕೊಳ್ಳಿ. ಭುಜದಿಂದ ಅಲ್ಲಿಗೆ ಇರುವ ದೂರ ಇಟ್ಟು ಲೆಕ್ಕ ಹಾಕಿದರೆ, ರ‍್ಯಾಕೆಟ್ ಒಂದು ಮಿಲಿಸೆಕೆಂಡಿನಲ್ಲಿ ಒಂದೂವರೆ ಡಿಗ್ರಿ ಆಸುಪಾಸು ತಿರುಗುತ್ತದೆ. ಕೋರ್ಟಿನ ಉದ್ದ 23.77 ಮೀಟರ್. ಅಷ್ಟು ದೂರದಲ್ಲಿ ಒಂದು ಡಿಗ್ರಿ ಅಂದರೆ 40 ಸೆಂ.ಮೀ. ಮೂರು ಮಿಲಿಸೆಕೆಂಡು ತಡವಾದರೆ ಗೆರೆಯ ಮೇಲೆ ಬೀಳಬೇಕಾದ ಚೆಂಡು ಒಂದೂವರೆ ಮೀಟರ್‌ಗಿಂತಲೂ ಆಚೆ ಹೋಗುತ್ತದೆ. ಇಂಥ ಹೊಡೆತವನ್ನು ಜೊಕೊವಿಚ್ ಓಡುತ್ತ, ಜಾರುತ್ತ, ಐದನೇ ಸೆಟ್‌ನಲ್ಲೂ ಗೆರೆಯ ಪಕ್ಕಕ್ಕೇ ಇಡುತ್ತಾರೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಅಚ್ಚರಿ ಕಣ್ಣಿನದು. "ಚೆಂಡಿನ ಮೇಲೆ ಕಣ್ಣಿಡು" ಅಂತ ಎಲ್ಲ ಕೋಚ್‌ಗಳೂ ಹೇಳುತ್ತಾರೆ. ಆದರೆ ಮೈಯ ಹತ್ತಿರ ಬಂದ ವೇಗದ ಚೆಂಡು ಕಣ್ಣೆದುರು ಸೆಕೆಂಡಿಗೆ ಸಾವಿರ ಡಿಗ್ರಿಗೂ ಮೀರಿ ಸರಿಯುತ್ತದೆ. ಕಣ್ಣು ಹಿಂಬಾಲಿಸಿ ನೋಡಬಲ್ಲದ್ದು ಅದರ ಹತ್ತರಲ್ಲೊಂದು ಭಾಗ ಇದ್ದರೆ ಹೆಚ್ಚು. ಹಾಗಾಗಿ ಕೊನೆಯ ಕ್ಷಣದ ಚೆಂಡನ್ನು ಯಾರೂ ಪೂರ್ತಿ ನೋಡಿ ಹೊಡೆಯುವುದಿಲ್ಲ. ಎಲ್ಲಿಗೆ ಬರುತ್ತದೆ ಎಂದು ಮಿದುಳು ಮೊದಲೇ ಹೇಳಿರುತ್ತದೆ. ಫೆಡರರ್ ಫೋಟೋಗಳಲ್ಲಿ ಚೆಂಡು ಹೋದ ಮೇಲೂ ಅವರ ಮುಖ ತಂತಿಯ ಕಡೆಗೇ ಇರುತ್ತದಲ್ವಾ? ಅದರ ನಿಜವಾದ ಲಾಭ, ತಲೆ ಅಲುಗದೆ ಭುಜ ತನ್ನ ದಾರಿ ಬಿಡದೆ ಬರುವುದು ಅಂತ ನನಗನ್ನಿಸುತ್ತದೆ.

ಈಗ ಹೋಲಿಕೆಗೆ ಬರೋಣ. ಅಂಕಿಗಳಿಂದ ಹೊರಟರೆ ಬೇಗ ದಾರಿ ತಪ್ಪುತ್ತೇವೆ. ಹೈಸ್ಪೀಡ್ ಕ್ಯಾಮೆರಾದಲ್ಲಿ ಅಳೆದಾಗ ನಡಾಲ್ ಅವರ ಫೋರ್‌ಹ್ಯಾಂಡ್ ಚೆಂಡು ಸರಾಸರಿ ನಿಮಿಷಕ್ಕೆ ಸುಮಾರು 3,200 ಸುತ್ತು ತಿರುಗುತ್ತಿತ್ತು. ಫೆಡರರ್ ಅವರದು 2,700ರ ಹತ್ತಿರ. ಹಿಂದಿನ ತಲೆಮಾರಿನ ಸಾಂಪ್ರಾಸ್, ಅಗಾಸಿ 1,800ರ ಆಸುಪಾಸು. ಹಾಗಾದರೆ ನಡಾಲ್ ಎಲ್ಲರಿಗಿಂತ ಮೇಲಾ? ನಡುವೆ ತಂತಿ ಬದಲಾಯಿತು. 1997ರಲ್ಲಿ ಗುಸ್ತಾವೊ ಕ್ಯುರ್ಟೆನ್ ಪಾಲಿಯೆಸ್ಟರ್ ತಂತಿಯಲ್ಲಿ ಆಡಿ ಫ್ರೆಂಚ್ ಓಪನ್ ಗೆದ್ದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹಿಡಿದರು. ಈ ತಂತಿಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಚೆಂಡು ಬಡಿದಾಗ ಪಕ್ಕಕ್ಕೆ ಸರಿದು, ಚೆಂಡು ಬಿಡುವ ಮುನ್ನ ಚಟಕ್ಕನೆ ವಾಪಸ್ ಬರುತ್ತವೆ. ಆ ವಾಪಸಾತಿ ಚೆಂಡಿಗೆ ಹೆಚ್ಚುವರಿ ತಿರುಗು ಕೊಡುತ್ತದೆ. ತಂತಿಯ ಪಾಲು ಎಷ್ಟು, ತೋಳಿನ ಪಾಲು ಎಷ್ಟು ಎಂದು ಬೇರೆ ಮಾಡದೆ ಆ ಅಂಕಿಗಳನ್ನು ಪಕ್ಕಪಕ್ಕ ಇಡುವುದು ಸರಿಯಲ್ಲ.

ರ‍್ಯಾಕೆಟ್ ಕೂಡ ಹಾಗೇ. ಸಾಂಪ್ರಾಸ್ ಆಡಿದ್ದು 85 ಚದರ ಇಂಚಿನ ಪುಟ್ಟ ತಲೆಯ ರ‍್ಯಾಕೆಟ್‌ನಲ್ಲಿ. ಫೆಡರರ್ ಬಹುಕಾಲ 90ರಲ್ಲಿ ಆಡಿ 2014ರಲ್ಲಿ 97ಕ್ಕೆ ಬಂದರು. ತಲೆ ಅಗಲವಾದಷ್ಟೂ ರ‍್ಯಾಕೆಟ್ ತಿರುಚುವುದು ಕಡಿಮೆ, ತಪ್ಪಿಗೆ ಕ್ಷಮೆ ಜಾಸ್ತಿ. ಜಿಮ್ಮಿ ಕಾನರ್ಸ್ ಉಕ್ಕಿನ ಟಿ2000 ಹಿಡಿದು 1974ರಲ್ಲಿ ಮೂರು ಗ್ರ್ಯಾಂಡ್‌ಸ್ಲಾಂ ಗೆದ್ದರು. ಚೆಂಡನ್ನು ಎತ್ತೆಂದರತ್ತ ಚಿಮ್ಮಿಸುವ ರ‍್ಯಾಕೆಟ್ ಅದು. ಬೇರೆಯವರು ಅದನ್ನು ಬಿಟ್ಟರೂ ಕಾನರ್ಸ್ ಅದರಲ್ಲೇ ನೆಟ್‌ಗೆ ಒಂದು ಗೇಣು ಮೇಲೆ, ತಿರುಗಿಲ್ಲದೆ, ನೇರವಾಗಿ ಹೊಡೆಯುತ್ತಿದ್ದರು. ಸ್ವಚ್ಛ ಹೊಡೆತದ ಮಾತು ಬಂದಾಗ ಅವರನ್ನು ಮರೆಯುವವರ ಮೇಲೆ ನನಗೆ ಬೇಸರವಿದೆ.

ಗಾಳಿಗೂ ಒಂದು ಪಾಲಿದೆ. ಮುಂಬೈ ಸಮುದ್ರಮಟ್ಟದಲ್ಲಿದೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿ, ಬೆಂಗಳೂರು 900ಕ್ಕೂ ಮೇಲೆ. ಪುಣೆಯ ಗಾಳಿ ಮುಂಬೈಗಿಂತ ನೂರಕ್ಕೆ ಆರರಷ್ಟು ತೆಳು. ಚೆಂಡನ್ನು ತಡೆಯುವ ಬಲವೂ ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವಂಥ ತಿರುಗು) ಚೆಂಡನ್ನು ಕೆಳಗೆ ಎಳೆಯುವ ಬಲವೂ ಅಷ್ಟು ಕಡಿಮೆ. ಮುಂಬೈಯಲ್ಲಿ ಗೆರೆಯೊಳಗೆ ಬಿದ್ದ ಅದೇ ಫೋರ್‌ಹ್ಯಾಂಡ್ ಇಲ್ಲಿ ಗೇಣೋ ಮೊಳವೋ ಆಚೆ ಬೀಳಬಹುದು. 1,219 ಮೀಟರ್‌ಗಿಂತ ಮೇಲಿನ ಊರುಗಳಿಗೆ ನಿಯಮದಲ್ಲೇ ಬೇರೆ ಬಗೆಯ ಚೆಂಡಿದೆ. ಪುಣೆಗೆ ಆ ಅನುಕೂಲ ಇಲ್ಲ. ಆಟಗಾರರೇ ಹೊಂದಿಕೊಳ್ಳಬೇಕು.

ಹಾಗಾದರೆ ಯಾವುದನ್ನು ಅಳೆಯಬೇಕು? ನನ್ನ ಪ್ರಕಾರ ಒಂದೇ: ಸಮಯ ಕಡಿಮೆಯಾದಾಗ ಹೊಡೆತ ಎಷ್ಟು ಕೆಡುತ್ತದೆ? ಚೆಂಡು ನೆಲಕ್ಕೆ ಬಡಿದು ಏರುತ್ತಿರುವಾಗಲೇ ಹೊಡೆಯುವುದು ಇದರ ದೊಡ್ಡ ಪರೀಕ್ಷೆ. ಕೋರ್ಟಿನ ಹಿಂದಿನ ಗೆರೆಯಿಂದ ಎರಡು ಮೀಟರ್ ಹಿಂದೆ ನಿಲ್ಲುವ ಬದಲು ಆ ಗೆರೆಯ ಮೇಲೇ ನಿಂತರೆ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಸಮಯ ನಮ್ಮ ಕೈತಪ್ಪುತ್ತದೆ. ಎದುರಾಳಿಗೂ ಅಷ್ಟೇ ಬೇಗ ಚೆಂಡು ವಾಪಸ್ ಹೋಗುತ್ತದೆ. ಜೊತೆಗೆ, ನೆಲದಿಂದ ಎದ್ದ ಚೆಂಡು ಟಾಪ್‌ಸ್ಪಿನ್‌ನಲ್ಲೇ ಬರುತ್ತದೆ. ಅದಕ್ಕೆ ನಾವೂ ಟಾಪ್‌ಸ್ಪಿನ್ ಕೊಡಬೇಕೆಂದರೆ ಅದರ ತಿರುಗನ್ನು ನಿಲ್ಲಿಸಿ ಉಲ್ಟಾ ಮಾಡಬೇಕು. ಚೆಂಡಿನ ಅಡಿಯನ್ನು ಕೊಯ್ದಂತೆ ಹೊಡೆಯುವ ಸ್ಲೈಸ್‌ನಲ್ಲಿ ಈ ಕಷ್ಟ ಇಲ್ಲ, ಚೆಂಡು ತಿರುಗುತ್ತಿದ್ದ ದಿಕ್ಕಿನಲ್ಲೇ ತಿರುಗುತ್ತ ಹೋಗುತ್ತದೆ.

ಈ ಪರೀಕ್ಷೆಯಲ್ಲಿ ನನ್ನ ಮೊದಲ ಹೆಸರು ಆಂಡ್ರೆ ಅಗಾಸಿ. ಅವರ ಪಕ್ಕದಲ್ಲೇ ಮೋನಿಕಾ ಸೆಲೆಸ್. ಎರಡೂ ಬದಿಗೆ ಎರಡೂ ಕೈ ಹಿಡಿದು, ಏರುತ್ತಿರುವ ಚೆಂಡನ್ನು ಬಡಿದು, 19 ವರ್ಷಕ್ಕೇ 8 ಗ್ರ್ಯಾಂಡ್‌ಸ್ಲಾಂ ಗೆದ್ದವರು. ಎರಡು ಕೈ ಇದ್ದರೆ ರ‍್ಯಾಕೆಟ್ ತಿರುಚುವುದು ಕಡಿಮೆ, ಆದರೆ ಚಾಚು ಕಡಿಮೆಯಾಗಿ ಪಾದಗಳು ಇನ್ನೂ ಚುರುಕಾಗಿರಬೇಕು. ಮೂರನೆಯವರು ಜೊಕೊವಿಚ್, ಮುಖ್ಯವಾಗಿ ಸರ್ವ್ ರಿಟರ್ನ್‌ಗಾಗಿ. ಗಂಟೆಗೆ 200 ಕಿ.ಮೀ. ಸರ್ವ್ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಮೈಮೇಲೆ ಬರುತ್ತದೆ. ಅದನ್ನು ಅವರು ಸರ್ವ್ ಮಾಡಿದವರ ಪಾದದ ಬಳಿಗೇ ವಾಪಸ್ ಇಡುತ್ತಾರೆ. ಫೆಡರರ್ ಹೊಡೆತ ಕಣ್ಣಿಗೆ ಅತಿ ಚಂದ. ಆದರೆ ಆ ಸಣ್ಣ ರ‍್ಯಾಕೆಟ್‌ನ ದಿನಗಳಲ್ಲಿ, ಭುಜದೆತ್ತರಕ್ಕೆ ಪುಟಿದ ನಡಾಲ್ ಚೆಂಡಿಗೆ ಅವರ ಒಂಟಿ ಕೈ ಬ್ಯಾಕ್‌ಹ್ಯಾಂಡ್ ಎಷ್ಟು ಸಲ ಚೌಕಟ್ಟಿಗೆ ಬಡಿಯಿತು ಎನ್ನುವುದನ್ನು ನೋಡಿದವರು ಮರೆಯಲಾರರು. ಕಾಕಾ ಇದನ್ನು ಒಪ್ಪುವುದಿಲ್ಲ. ಇರಲಿ.

ಡಬಲ್ಸ್ ಆಟಗಾರರನ್ನು ಈ ಚರ್ಚೆಯಲ್ಲಿ ಯಾರೂ ಎಣಿಸುವುದೇ ಇಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಇದೇ ಬಾಲೆವಾಡಿಯಲ್ಲಿ 2019ರಲ್ಲಿ ದಿವಿಜ್ ಶರಣ್ ಜೊತೆ, 2022ರಲ್ಲಿ ರಾಮಕುಮಾರ್ ರಾಮನಾಥನ್ ಜೊತೆ ಡಬಲ್ಸ್ ಗೆದ್ದರು. ಮಂಡಿ ನೋವಿನಿಂದ ಹೊರಬರಲು ಅಯ್ಯಂಗಾರ್ ಯೋಗ ನೆರವಾಯಿತು ಎಂದು ಅವರೇ ಹೇಳಿದ್ದಾರೆ. ಆ ಪದ್ಧತಿಯನ್ನು ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದವರು. 2024ರಲ್ಲಿ, 43ರ ವಯಸ್ಸಿನಲ್ಲಿ, ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಡಬಲ್ಸ್‌ನಲ್ಲಿ ನೆಟ್‌ನ ಎರಡೂ ಬದಿ ನಿಂತವರ ನಡುವೆ ಏಳು ಮೀಟರ್ ಇದ್ದರೆ, ಗಂಟೆಗೆ 100 ಕಿ.ಮೀ. ಚೆಂಡು ದಾಟಲು ಕಾಲು ಸೆಕೆಂಡು ಸಾಕು. ಕಣ್ಣು ನೋಡಿ ಕೈ ಹೊರಡಲಿಕ್ಕೇ ಬಹುಪಾಲು ಅಷ್ಟು ಬೇಕು. ಅಂಥ ಕಾಲು ಸೆಕೆಂಡುಗಳಲ್ಲಿ ಇಷ್ಟು ವರ್ಷ ಸ್ವಚ್ಛವಾಗಿ ಹೊಡೆದವರನ್ನು, ಸಿಂಗಲ್ಸ್ ಕಪ್ ಇಲ್ಲ ಅನ್ನುವ ಕಾರಣಕ್ಕೆ ಈ ಪಟ್ಟಿಯಿಂದ ಹೊರಗಿಡಲು ನಾನು ಒಪ್ಪುವುದಿಲ್ಲ.