ಕಪ್ಪಾದ ಪೆಸೊ ನಾಣ್ಯವನ್ನು ತೊಳೆಯಬೇಕೆ?

ಪ್ರಶ್ನೆ: ಕೊಲ್ಲಿ ರಾಷ್ಟ್ರದಲ್ಲಿ ನನ್ನೊಂದಿಗೆ ಕೆಲಸ ಮಾಡುತ್ತಿದ್ದ ಫಿಲಿಪೀನ್ಸ್‌ನ ಗೆಳೆಯರೊಬ್ಬರು ಊರಿಗೆ ಮರಳುವಾಗ 1907ರ ಒಂದು ಪೆಸೊ ಬೆಳ್ಳಿ ನಾಣ್ಯ ಕೊಟ್ಟರು. ಪೂರ್ತಿ ಕಪ್ಪಾಗಿದೆ. ತೊಳೆದು ಹೊಳಪು ಬರಿಸಿದರೆ ಬೆಲೆ ಹೆಚ್ಚುತ್ತದೆಯೇ?

ತೊಳೆಯಬೇಡಿ. ಹುಣಸೆಹಣ್ಣು ಬೇಡ, ವಿಭೂತಿ ಬೇಡ, ಹಲ್ಲುಪುಡಿ ಬೇಡ, ಅಕ್ಕಸಾಲಿಗರ ದ್ರಾವಣವೂ ಬೇಡ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೆಂದು ಲೆಕ್ಕವಿಟ್ಟಿಲ್ಲ. ಕೇಳುವವರ ಕೈಯಲ್ಲಿ ಒಮ್ಮೆ ಫಿಲಿಪೀನ್ಸ್‌ನಲ್ಲಿ ಅಮೆರಿಕದವರ ಆಳ್ವಿಕೆಯ 50 ಸೆಂಟಾವೊ (ಅರ್ಧ ಪೆಸೊ) ಇರುತ್ತದೆ, ಇನ್ನೊಮ್ಮೆ ಅದಕ್ಕೂ ಮುಂಚೆ ಅಲ್ಲಿ ಆಳಿದ ಸ್ಪೇನಿನ ಬಾಲರಾಜ ಹದಿಮೂರನೆಯ ಅಲ್ಫೊನ್ಸೊನ ಮುಖವಿರುವ 1897ರ ಪೆಸೊ ಇರುತ್ತದೆ. ನಾಣ್ಯ ಬದಲಾದರೂ ಉತ್ತರ ಬದಲಾಗುವುದಿಲ್ಲ.

ಹೊಳೆಯುವ ಬೆಳ್ಳಿಗೆ ಬೆಲೆ ಹೆಚ್ಚು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ಗೌರಿ ಹಬ್ಬದ ಹಿಂದಿನ ದಿನ ದೀಪದ ಕಂಬ, ಕುಂಕುಮದ ಬಟ್ಟಲು, ಪಂಚಪಾತ್ರೆಗಳೆಲ್ಲ ಉಜ್ಜಿಸಿಕೊಂಡು ಬೆಳ್ಳಗಾಗುತ್ತವೆ. ಕಪ್ಪಾದ ಬೆಳ್ಳಿ ಎಂದರೆ ಮನೆಯವರ ಅಲಕ್ಷ್ಯ ಎಂದು ನಾವೆಲ್ಲ ಕಲಿತು ಬೆಳೆದಿದ್ದೇವೆ. ಪಾತ್ರೆಯ ಮಟ್ಟಿಗೆ ಅದು ಸರಿ. ಪಾತ್ರೆಯ ನುಣುಪು ಅಕ್ಕಸಾಲಿಗ ಉಜ್ಜಿ ತಂದದ್ದು, ಮತ್ತೆ ಉಜ್ಜಿದರೆ ಮತ್ತೆ ಬರುತ್ತದೆ. ನಾಣ್ಯದ ಮೈ ಹಾಗೆ ಹುಟ್ಟಿದ್ದಲ್ಲ. ಎರಡು ಅಚ್ಚುಗಳ ನಡುವೆ ಒಂದೇ ಏಟಿಗೆ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ, ಹರಿದ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಬಳಕೆಯಾಗದ ನಾಣ್ಯವನ್ನು ದೀಪದ ಕೆಳಗೆ ಓರೆಮಾಡಿದಾಗ ಬೆಳಕು ಗಾಲಿಯ ಅರಗಳಂತೆ ಸುತ್ತುವುದು ಈ ಗೆರೆಗಳಿಂದ. ಒಮ್ಮೆ ಉಜ್ಜಿದರೆ ಅವು ಹೋದವು. ಯಾವ ಕುಶಲಕರ್ಮಿಯೂ ಅವನ್ನು ಮರಳಿ ತರಲಾರ.

ಕಪ್ಪು ಬಣ್ಣವಾದರೂ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದೊಂದಿಗೆ ಬೆಳ್ಳಿ ಕೂಡಿ ಆದ ಬೆಳ್ಳಿಯ ಸಲ್ಫೈಡ್ ಪದರ ಅದು. ಅಂದರೆ ಆ ಕಪ್ಪಿನೊಳಗೂ ನಾಣ್ಯದ ಬೆಳ್ಳಿಯೇ ಇದೆ. ದ್ರಾವಣದಲ್ಲಿ ಅದ್ದಿದಾಗ ಕಪ್ಪಿನೊಂದಿಗೆ ಆ ಬೆಳ್ಳಿಯೂ ಕರಗಿ ಹೋಗುತ್ತದೆ, ಮೊದಲು ಹೋಗುವುದು ಆ ಗೆರೆಗಳೇ. ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು ಅಡುಗೆ ಸೋಡಾ ಮತ್ತು ಬಿಸಿನೀರು ಹಾಕುವ ಉಪಾಯವನ್ನೂ ಅನೇಕರು ಹೇಳುತ್ತಾರೆ. ಅದರಲ್ಲಿ ಕಪ್ಪು ತಿರುಗಿ ಬೆಳ್ಳಿಯಾಗುವುದು ನಿಜ, ಆದರೆ ಮೈ ಜೀವವಿಲ್ಲದ ಬೂದು ಬಿಳುಪಾಗುತ್ತದೆ. ಕಂಚಿನ ಒಂದು ಸೆಂಟಾವೊಗೆ ಹುಣಸೆಹಣ್ಣು ಹಚ್ಚಿದರೆ ಇನ್ನೂ ಕಷ್ಟ: ಹಸಿ ಗಾಯದಂಥ ಗುಲಾಬಿ ಬಣ್ಣ ಬಂದು, ನೋಡಿದವರಿಗೆಲ್ಲ ನಡೆದದ್ದು ತಿಳಿಯುತ್ತದೆ.

“ಅಂಗಡಿಯವರೇ ತೊಳೆದು ಮಾರುತ್ತಾರಲ್ಲ?” ಎಂದು ಮರುಪ್ರಶ್ನೆ ಬರುತ್ತದೆ. ಅವರು ಮಾರುವುದು ಬೆಳ್ಳಿಯ ತೂಕ ನೋಡಿ ಕೊಳ್ಳುವವರಿಗೆ. ಸಂಗ್ರಾಹಕರು ಕೊಳ್ಳುವುದು ನಾಣ್ಯದ ಮೈಯನ್ನು. ದರ್ಜೆ ನೀಡುವ ಸಂಸ್ಥೆಗಳು ಉಜ್ಜಿದ ನಾಣ್ಯಕ್ಕೆ ಅಂಕಿಯ ದರ್ಜೆ ಕೊಡದೆ, ‘ತೊಳೆದದ್ದು’ ಎಂದು ಬರೆದು ಕಳುಹಿಸುತ್ತವೆ. ಬೆಲೆ ಅಲ್ಲಿಗೇ ಕುಸಿಯುತ್ತದೆ.

ಒಮ್ಮೆ ಓದುಗರೊಬ್ಬರು ಹೆಮ್ಮೆಯಿಂದ ತಂದು ತೋರಿಸಿದ 50 ಸೆಂಟಾವೊ ನಾಣ್ಯವನ್ನು ನಾನು ಮರೆತಿಲ್ಲ. ಕನ್ನಡಿಯಂತೆ ಹೊಳೆಯುತ್ತಿತ್ತು. ಈ ನಾಣ್ಯಗಳ ಚಿತ್ರ ಮೆಲೆಸಿಯೊ ಫಿಗೆರೊವಾ ಎಂಬ ಫಿಲಿಪಿನೊ ಕೆತ್ತನೆಗಾರನದು. ಕಮ್ಮಾರನ ಅಡಿಗಲ್ಲಿನ ಪಕ್ಕದಲ್ಲಿ ಸುತ್ತಿಗೆ ಹಿಡಿದು ನಿಂತ, ಉದ್ದ ಕೂದಲಿನ ಹೆಣ್ಣುಮಗಳು. ಹಿಂದೆ ಹೊಗೆಯಾಡುವ ಮಯೊನ್ ಅಗ್ನಿಪರ್ವತ. ತನ್ನ ಮಗಳನ್ನೇ ಮಾದರಿಯಾಗಿಟ್ಟುಕೊಂಡು ಆತ ಇದನ್ನು ಬರೆದನೆಂದು ಹೇಳುತ್ತಾರೆ. ನಾಣ್ಯಗಳು ಚಲಾವಣೆಗೆ ಬಂದ 1903ರಲ್ಲೇ ಕ್ಷಯದಿಂದ ತೀರಿಕೊಂಡ. ಉಜ್ಜಿದ ಆ ನಾಣ್ಯದಲ್ಲಿ ಅವಳ ಕೂದಲಿನ ಎಳೆಗಳೂ ಇರಲಿಲ್ಲ, ಉಡುಪಿನ ನೆರಿಗೆಗಳೂ ಇರಲಿಲ್ಲ. ತಂದವರಿಗೆ ಏನು ಹೇಳಬೇಕೆಂದು ತಿಳಿಯದೆ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ.

ನಿಮ್ಮ 1907ರ ಪೆಸೊ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಆ ಕಪ್ಪು ಸಮುದ್ರದ್ದೂ ಆಗಿರಬಹುದು. 1942ರಲ್ಲಿ ಜಪಾನೀಯರು ಮನಿಲಾ ಕೊಲ್ಲಿಯ ಕೊರೆಹಿದೋರ್ ದ್ವೀಪಕೋಟೆಯನ್ನು ಮುತ್ತಿದಾಗ, ಅಲ್ಲಿದ್ದ ಸರ್ಕಾರದ ಬೆಳ್ಳಿ ಶತ್ರುವಿಗೆ ಸಿಗಬಾರದೆಂದು ಅಮೆರಿಕದವರು 1.5 ಕೋಟಿಗೂ ಹೆಚ್ಚು ಪೆಸೊಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ದ್ವೀಪದ ಪಕ್ಕದ ಕಬಾಯೊ ಕೊಲ್ಲಿಯ ಆಳಕ್ಕೆ ಇಳಿಬಿಟ್ಟರು. ಮೇ 6ರಂದು ಕೋಟೆ ಶರಣಾಯಿತು. ಜಪಾನೀಯರು ಸೆರೆಸಿಕ್ಕ ಅಮೆರಿಕದ ಮುಳುಗುಗಾರರಿಂದ ಅದನ್ನು ಎತ್ತಿಸಲು ನೋಡಿದರು. ಸೆರೆಯಾಳುಗಳು ಬೇಕೆಂದೇ ಕೆಲಸ ಕೆಡಿಸಿದರು. ಯುದ್ಧ ಮುಗಿದ ಮೇಲೆ ಅಮೆರಿಕದ ನೌಕಾಪಡೆ ದೊಡ್ಡದೊಂದು ಪಾಲನ್ನು ಮೇಲೆತ್ತಿತು. ಹಾಗೆ ಬಂದ ನಾಣ್ಯಗಳ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳೂ ಮಸಿಗಪ್ಪು ಬಣ್ಣವೂ ಇರುತ್ತವೆ. ಅವುಗಳಿಗೆ ಮೊದಲೇ ಹೆಚ್ಚಿನ ಬೆಲೆಯಿಲ್ಲ, ಉಜ್ಜಿದರೆ ಗುಳಿಗಳು ಹೋಗುವುದಿಲ್ಲ. ಕಡಲಿನಿಂದ ಬಂದದ್ದೆಂಬ ಗುರುತು ಮಾತ್ರ ಅಳಿಯುತ್ತದೆ.

ಹಳೆಯ ಪ್ಲಾಸ್ಟಿಕ್ ಆಲ್ಬಮ್‌ನಲ್ಲಿದ್ದು ಹಸಿರು ಜಿಡ್ಡು ಅಂಟಿದ್ದರೆ ಮಾತ್ರ ನನ್ನ ಮಾತಿಗೆ ವಿನಾಯಿತಿ. ಆ ಜಿಡ್ಡು ಲೋಹವನ್ನು ತಿನ್ನುತ್ತದೆ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಕುಳಿತು ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ, ಒರೆಸದೆ ಒಣಗಲು ಬಿಡಿ. ಉಗುರುಬಣ್ಣ ತೆಗೆಯುವ ದ್ರಾವಣ ಬಳಸಬೇಡಿ, ಅದರಲ್ಲಿ ಎಣ್ಣೆ ಮತ್ತು ಸುಗಂಧ ಬೆರೆತಿರುತ್ತವೆ.

ತೊಳೆಯುವ ಬದಲು ತೂಗಿ ನೋಡಿ. ತೂಗಿದವರು ಮುಂದೆ ಗಾಬರಿಯಾಗುವ ಸಂಗತಿಯೊಂದಿದೆ, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. 1903ರಿಂದ 1906ರವರೆಗಿನ ಪೆಸೊ 26.96 ಗ್ರಾಂ ತೂಗುತ್ತದೆ, ಅದರಲ್ಲಿ ಶೇ 90 ಬೆಳ್ಳಿ. 1907ರಿಂದ 1912ರವರೆಗಿನದು 20 ಗ್ರಾಂ, ಶೇ 80 ಬೆಳ್ಳಿ, ಅಳತೆಯಲ್ಲೂ ಚಿಕ್ಕದು. ಎರಡನ್ನೂ ಪಕ್ಕದಲ್ಲಿಟ್ಟು ಚಿಕ್ಕದನ್ನು ಖೋಟಾ ಎಂದು ಬದಿಗೆ ಸರಿಸಿದವರಿದ್ದಾರೆ. ಖೋಟಾ ಅಲ್ಲ. ನಾಣ್ಯದ ಮೇಲೆ ಅಮೆರಿಕದ ಹೆಸರಿದ್ದರೂ ಅದು ಡಾಲರ್ ಅಲ್ಲ. ಕಾನೂನಿನ ಪ್ರಕಾರ ಒಂದು ಪೆಸೊ ಎಂದರೆ ಚಿನ್ನದ ಅರ್ಧ ಡಾಲರ್. ಹಳೆಯ ಪೆಸೊವಿನಲ್ಲಿ ಸುಮಾರು 24.3 ಗ್ರಾಂ ಶುದ್ಧ ಬೆಳ್ಳಿ ಇತ್ತು. ಔನ್ಸ್ ಬೆಳ್ಳಿಯ ಬೆಲೆ 64 ಸೆಂಟ್ ದಾಟಿದರೆ ಸಾಕು, ನಾಣ್ಯವನ್ನು ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ. 1905ರಲ್ಲಿ ಬೆಳ್ಳಿ ಏರತೊಡಗಿದಾಗ ನಡೆದದ್ದೂ ಅದೇ. ಸರ್ಕಾರ ಆ ವರ್ಷದ ನವೆಂಬರ್‌ನಲ್ಲಿ ನಾಣ್ಯಗಳನ್ನು ಹೊರಕ್ಕೆ ಸಾಗಿಸುವುದನ್ನು ನಿಷೇಧಿಸಿತು, ಮುಂದೆ ಬೆಳ್ಳಿಯನ್ನೇ 16 ಗ್ರಾಂಗೆ ಇಳಿಸಿತು.

ಈ ಬದಲಾವಣೆಯ ಅಂಚಿನಲ್ಲಿ ಸಿಕ್ಕಿಕೊಂಡದ್ದು ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1906ರ ಪೆಸೊ. ಹಳೆಯ ತೂಕದಲ್ಲಿ ಅಚ್ಚಾದದ್ದು 2,01,000 ಮಾತ್ರ. ಅದಕ್ಕೇ ಅದು ದುಬಾರಿ, ಅದಕ್ಕೇ ಅದರ ಖೋಟಾ ಪ್ರತಿಗಳೂ ಎಲ್ಲೆಡೆ ಇವೆ. ನಂಬಿಕಸ್ಥರ ಪ್ರಮಾಣಪತ್ರವಿಲ್ಲದೆ ಅದನ್ನು ಕೊಳ್ಳಬೇಡಿ.

ನಿಮ್ಮದರಲ್ಲಿ ಇಸವಿಯ ಎಡಕ್ಕೆ ಸಣ್ಣ ‘ಎಸ್’ ಅಕ್ಷರ (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತು) ಇದೆಯೇ ನೋಡಿ, ಅಂಚು ಹಿಡಿದು ತಕ್ಕಡಿಯ ಮೇಲಿಡಿ. 20 ಗ್ರಾಂಗೆ ಹತ್ತಿರ ಬರಬೇಕು. ತುಸು ಕಡಿಮೆ ಬಂದು ಮೈಯಲ್ಲಿ ಗುಳಿಗಳಿದ್ದರೆ ಗಾಬರಿಯಾಗಬೇಡಿ. ಕಡಿಮೆಯಾದ ಆ ಬೆಳ್ಳಿ ಕಬಾಯೊ ಕೊಲ್ಲಿಯ ನೀರಿನಲ್ಲೇ ಉಳಿದಿರಬಹುದು.